ಕಾರ್ಲ್ಸ್‌ಬಾಡ್ ಲ್ಯಾಬಿನಲ್ಲಿ ಸಿಡಿದ ಸೆಲ್ಲು

ಬಾಗಲಕೋಟೆಯ ಜಯದೇವಿ ಬ್ಯಾಟರಿ ಎಂಜಿನಿಯರ್. ಮಾತು ಒರಟು, ಕೆಲಸ ಚೊಕ್ಕ. ೨೦೦೬ರಲ್ಲಿ, ಅಮೆರಿಕದಲ್ಲಿ ಅವಳು ಕೆಲಸಕ್ಕಿದ್ದ ಸ್ಯಾನ್ ಡಿಯಾಗೊ ಕಂಪನಿಯೂ ಅದರ ಕಡುವೈರಿಯಾದ ಲಾಸ್ ಏಂಜಲೀಸ್ ಕಂಪನಿಯೂ ಸೇರಿ ಎರಡೂ ಊರುಗಳ ನಡುವಿನ ಕಾರ್ಲ್ಸ್‌ಬಾಡ್‌ನಲ್ಲಿ ಒಂದು ಲ್ಯಾಬ್ ತೆರೆದವು. ಕಾರಿನ ಹೊಸ ಬ್ಯಾಟರಿ ಒಬ್ಬರಿಂದ ಆಗುವ ಕೆಲಸವಲ್ಲ, ಗೊತ್ತಿದ್ದದ್ದನ್ನು ಹಂಚಿಕೊಂಡು ಮಾಡೋಣ ಎಂದು ಒಪ್ಪಂದ. ಆದರೆ ಎರಡೂ ಕಡೆಯ ವಕೀಲರು ತಮ್ಮವರ ಕಿವಿಯಲ್ಲಿ ಊದಿದ್ದು ಒಂದೇ: ಗೆದ್ದದ್ದನ್ನು ತೋರಿಸಿ, ಕೆಟ್ಟುಹೋದದ್ದರ ಬಗ್ಗೆ ಬಾಯಿಬಿಡಬೇಡಿ.

ಜಯದೇವಿಯ ಜೊತೆ ಮೈಸೂರಿನ ಕಮರ್ ಇದ್ದ. ಎದುರು ಕಂಪನಿಯಿಂದ ಬಂದವನು ಓಂಪ್ರಕಾಶ್. ಮೂವರೂ ಕನ್ನಡದವರು, ಊಟಕ್ಕೆ ಒಂದೇ ಟೇಬಲ್ಲು. ಲ್ಯಾಬಿನೊಳಗೆ ಮಾತ್ರ ಬಾಯಿಗೆ ಬೀಗ.

ಒಂದು ಬೆಳಿಗ್ಗೆ ಕಮರ್, ಓಂಪ್ರಕಾಶನ ಕಂಪನಿಯ ಸೆಲ್ಲುಗಳನ್ನು ಚಾರ್ಜಿಗೆ ಹಾಕಿದ.

"ಚಾರ್ಜು ಸ್ವಲ್ಪ ನಿಧಾನಕ್ಕೆ ಏರಿಸಿ," ಎಂದ ಓಂಪ್ರಕಾಶ್.

"ಯಾಕೆ?"

ಓಂಪ್ರಕಾಶ್ ಎರಡು ಹೆಜ್ಜೆ ಹಿಂದೆ ಸರಿದ. ಕಮರ್ ಬಾಗಿ ನೋಡುತ್ತಿದ್ದಂತೆ ಒಂದು ಸೆಲ್ಲು ಉಬ್ಬಿ ಸಿಡಿಯಿತು. ಬೆಂಕಿ ಮುಖಕ್ಕೇ ಬಡಿಯಿತು. ಕನ್ನಡಕ ಕರಗಿ ಕೆನ್ನೆಗೆ ಅಂಟಿತು. ಉಳಿದ ಸೆಲ್ಲುಗಳು ಒಂದರ ಹಿಂದೊಂದು ಹಾರಿ ಗೋಡೆಗೆ ಅಪ್ಪಳಿಸಿದವು. ಜಯದೇವಿ ಹೊಗೆಯಲ್ಲಿ ತೆವಳಿ ಕಮರ್‌ನ ಕಾಲು ಹಿಡಿದು ಎಳೆದಳು. ಉರಿಯುವ ಅಂಗಿಯನ್ನು ಬರಿಗೈಯಲ್ಲೇ ಹರಿದಳು. ಬಟ್ಟೆಯ ಜೊತೆ ಅವಳ ಅಂಗೈಯ ಚರ್ಮವೂ ಕಿತ್ತುಬಂತು.

ಹೊರಗೆ ಪಾರ್ಕಿಂಗ್‌ನಲ್ಲಿ ಓಂಪ್ರಕಾಶ್ ನಿಂತಿದ್ದ.

"ನಿಮಗ ಗೊತ್ತಿತ್ತೇನ್ರಿ?" ಎಂದಳು.

"ನಮ್ಮಲ್ಲೂ ಹೀಗೇ ಸಿಡಿದಿತ್ತು. ಹೇಳಿದ್ರೆ ಕೆಲಸ ಹೋಗುತ್ತೆ ಅಂದಿದ್ರು."

ಸುಟ್ಟ ಕೈಯನ್ನೇ ಮುಷ್ಟಿ ಮಾಡಿ ಅವಳು ಅವನ ಬಾಯಿಗೆ ಗುದ್ದಿದಳು. ತುಟಿ ಸೀಳಿತು, ಹಲ್ಲು ಮುರಿಯಿತು. ಬಿದ್ದವನನ್ನು ಒದೆಯುತ್ತಿದ್ದವಳನ್ನು ಬೆಂಕಿ ಆರಿಸಲು ಬಂದವರು ಹಿಡಿದೆಳೆದರು. ಅವನು ಕೈ ಅಡ್ಡ ಹಿಡಿಯಲಿಲ್ಲ, ಪೊಲೀಸರಿಗೆ ದೂರೂ ಕೊಡಲಿಲ್ಲ.

ಕಮರ್‌ನ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಅವನು ಕೇಳಿದ, "ಹಿಂದೆ ನಮ್ಮ ಸೆಲ್ಲೂ ಸಿಡಿದಿತ್ತಲ್ಲ, ಅದನ್ನ ನಾವು ಅವರಿಗೆ ಹೇಳಿದ್ವಾ, ಜಯದೇವಿ ಅವರೇ?"

ಹೇಳಿರಲಿಲ್ಲ. ಅವಳಿಗೆ ಆ ಮಾತು ಸುಟ್ಟ ಗಾಯಕ್ಕಿಂತ ಹೆಚ್ಚು ಉರಿಯಿತು.

ಲಾಸ್ ಏಂಜಲೀಸ್‌ನಲ್ಲಿ ಎರಡೂ ಕಂಪನಿಗಳ ಸಭೆ ನಡೆಯಿತು. ತಪ್ಪು ನಿಮ್ಮದು, ನಿಮ್ಮದು ಎಂದು ವಕೀಲರು ಅರಚುತ್ತಿದ್ದರು. ಜಯದೇವಿ ಎದ್ದು, ತನ್ನ ಕಂಪನಿಯ ಸೆಲ್ಲುಗಳು ಯಾವಾಗ, ಎಷ್ಟು ಬಿಸಿಗೆ ಸಿಡಿದವು ಎಂದು ಹೇಳತೊಡಗಿದಳು. ಬಾಸ್ ಅವಳ ತೋಳು ತಿರುಚಿ ಬಾಗಿಲತ್ತ ದರದರ ಎಳೆದ. ಮೇಜಿಗೆ ಸೊಂಟ ಬಡಿಯಿತು, ಕೈಯ ಬ್ಯಾಂಡೇಜು ಬಿಚ್ಚಿ ರಕ್ತ ಸುರಿಯಿತು. ಬಾಗಿಲ ಚೌಕಟ್ಟಿಗೆ ಮೈಯೊಡ್ಡಿ ನಿಂತು ಅವಳು ಕೊನೆವರೆಗೂ ಹೇಳಿದಳು. ಆಗ ಓಂಪ್ರಕಾಶ್, ಹೊಲಿಗೆ ಹಾಕಿದ ತುಟಿಯಲ್ಲೇ, ತನ್ನ ಕಂಪನಿಯಲ್ಲಿ ಸಿಡಿದದ್ದನ್ನು ಬಿಚ್ಚಿಟ್ಟ.

ಇಬ್ಬರ ಕೆಲಸವೂ ಹೋಯಿತು. ಕೆಟ್ಟುಹೋದದ್ದನ್ನು ಮೊದಲು ಹೇಳಬೇಕೆಂಬ ಷರತ್ತಿನ ಮೇಲೆ ಲ್ಯಾಬ್ ಮತ್ತೆ ತೆರೆಯಿತು. ಅಲ್ಲಿನ ಸುರಕ್ಷತೆ ಈಗ ಕಮರ್‌ನ ಜವಾಬ್ದಾರಿ. ಜಯದೇವಿ ಲಾಸ್ ಏಂಜಲೀಸ್ ಬಳಿಯ ವೆಸ್ಟ್ ಕೊವಿನಾದಲ್ಲಿ ಮೆಕ್ಯಾನಿಕ್‌ಗಳಿಗೆ ಪಾಠ ಹೇಳುತ್ತಾಳೆ. ಓಂಪ್ರಕಾಶ್ ಆಗಾಗ ಫೋನ್ ಮಾಡುತ್ತಾನೆ. ಅವಳು ಎತ್ತಿ ಮಾತಾಡುತ್ತಾಳೆ, ಆದರೆ ಹೊಡೆದದ್ದಕ್ಕೆ ಇವತ್ತಿಗೂ ಕ್ಷಮೆ ಕೇಳಿಲ್ಲ.