ಮನೆಗೆ ಹೋದ ರೋಗಿಯ ಬಿಪಿ

ಕೂಳೂರಿನ ಆಂಬ್ರೋಸ್ ಎಂಬ ಅರವತ್ತರ ಗೃಹಸ್ಥರು ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ, ರಿಕ್ಷಾ ಹತ್ತಿ ಮನೆಗೆ ಹೋಗಿ, ಬಂಗುಡೆ ಮೀನಿನ ಗಸಿಯಲ್ಲಿ ಕುಚ್ಚಲಕ್ಕಿ ಅನ್ನ ಉಂಡು ಮಲಗಿದ್ದರು. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಅವರು ಇನ್ನೂ ಎಂಟನೇ ನಂಬರಿನ ಹಾಸಿಗೆಯಲ್ಲೇ ಇದ್ದರು. ಮಧ್ಯಾಹ್ನ ಎರಡಕ್ಕೆ ಅವರ ಬಿಪಿ ನೂರಿಪ್ಪತ್ತು-ಎಂಬತ್ತು. ಸಂಜೆ ಆರಕ್ಕೂ ಅಷ್ಟೇ. ‘ರೋಗಿ ಆರಾಮವಾಗಿದ್ದಾರೆ’ ಎಂಬ ಷರಾ ಬೇರೆ. ಆ ಷರಾ ಒಂದು ಮಾತ್ರ ಸುಳ್ಳಾಗಿರಲಿಲ್ಲ. ಬರೆದವಳು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ, ಬೆಂಗ್ರೆಯ ಸುಪ್ರೀತಾ.

ಆ ವಾರ್ಡಿನಲ್ಲಿ ನಲವತ್ತು ಹಾಸಿಗೆ, ಇಬ್ಬರು ಸಿಸ್ಟರ್‌ಗಳು. ಉಳಿದ ಕೆಲಸವೆಲ್ಲ ಕಲಿಯಲು ಬಂದ ಹುಡುಗಿಯರ ತಲೆ ಮೇಲೆ. ಬಿಪಿ ನೋಡುವುದು ಹೇಗೆಂದು ಕಾಲೇಜಿನಲ್ಲಿ ಎರಡು ಗಂಟೆ ಪಾಠ ನಡೆಯುತ್ತಿತ್ತು. ವಾರ್ಡಿನಲ್ಲಿ ಅದೇ ಪಾಠ ಅರ್ಧ ನಿಮಿಷದ್ದು: ಮೇಲಿನ ಸಾಲು ನೋಡು, ಕೆಳಗಿನ ಸಾಲು ತುಂಬು. ಇದ್ದ ಒಂದೇ ಒಂದು ಬಿಪಿ ಯಂತ್ರದ ಪಟ್ಟಿಯಿಂದ ಗಾಳಿ ಸೋರುತ್ತಿತ್ತು. ಮೊದಲ ವಾರ ಸುಪ್ರೀತಾ ಅದನ್ನೇ ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ತಿರುಗಿದಳು. ಶಿಫ್ಟ್ ಮುಗಿಯುವಾಗ ನೋಡಿ ಮುಗಿಸಿದ್ದು ಹನ್ನೆರಡು ರೋಗಿಗಳನ್ನು. ಬೈಗುಳ ಸಿಕ್ಕಿದ್ದು ನಲವತ್ತಕ್ಕೂ ಸೇರಿಸಿ. ಎರಡನೇ ವಾರದಿಂದ ಅವಳಿಗೂ ಬುದ್ಧಿ ಬಂತು. ಆ ಮೇಲೆ ಇಡೀ ವಾರ್ಡಿನ ರಕ್ತ ಒಂದೇ ಒತ್ತಡದಲ್ಲಿ, ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ ಹರಿಯಿತು.

ಆಂಬ್ರೋಸ್ ಮನೆಗೆ ಹೋದ ಮರುದಿನ ಆಸ್ಪತ್ರೆಯ ಗುಣಮಟ್ಟ ಪರೀಕ್ಷಿಸಲು ಹೊರಗಿನ ತಂಡವೊಂದು ಬಂತು. ರಾಶಿ ಫೈಲುಗಳ ನಡುವಿನಿಂದ ಅವರು ಎಳೆದದ್ದು ಆಂಬ್ರೋಸರದ್ದನ್ನೇ. ಇಲ್ಲದ ರೋಗಿಯ ಆರೋಗ್ಯ ಇಷ್ಟು ಚೆನ್ನಾಗಿರುವುದು ಹೇಗೆಂದು ತಂಡದ ಹಿರಿಯರು ಕೇಳಿದರು. ಕೂಡಲೇ ಶಿಸ್ತು ಸಮಿತಿ ಕೂತಿತು. ‘ಮೇಲಿನ ಸಾಲು ನೋಡು’ ಎಂದು ಕಲಿಸಿದ ಸಿಸ್ಟರೇ ಅದರಲ್ಲಿ ಸದಸ್ಯೆ. ವೃತ್ತಿಯ ಪಾವಿತ್ರ್ಯದ ಬಗ್ಗೆ ಮಾತನಾಡುವಾಗ ಅವರ ಗಂಟಲು ಕಟ್ಟಿ ಬಂತು, ಒಬ್ಬರು ನೀರು ಕೊಟ್ಟರು. ನಾಲ್ಕನೇ ದಿನ ನೋಟಿಸು ಬೋರ್ಡಿನಲ್ಲಿ ಸುಪ್ರೀತಾಳ ಹೆಸರು ಬಂತು, ಕಾಲೇಜಿನಿಂದ ವಜಾ ಎಂದು. ಆಸ್ಪತ್ರೆ ಹೀಗೆ ಶುದ್ಧವಾಯಿತು. ಬಿಪಿ ಯಂತ್ರದ ಗಾಳಿ ಮಾತ್ರ ಸೋರುತ್ತಲೇ ಇತ್ತು.

ತಾಯಿ ಕುಮುದಿನಿ ಬಂದರಿನಲ್ಲಿ ಮೀನು ಮಾರುವವಳು. ತಾಜಾ ಎಂದು ಕಿವಿರು ಎತ್ತಿ ಕೆಂಪು ತೋರಿಸದೆ ಒಂದು ಬಂಗುಡೆಯನ್ನೂ ಗಿರಾಕಿಯ ಚೀಲಕ್ಕೆ ಹಾಕಿದವಳಲ್ಲ. ಮಗಳ ಕಥೆಯನ್ನು ಅವಳು ಕೊನೆಯವರೆಗೆ ಕೇಳಿದಳು. ವಾರ್ಡಿನ ಪದ್ಧತಿ, ಸೋರುವ ಯಂತ್ರ, ಸಿಸ್ಟರರ ಕಟ್ಟಿದ ಗಂಟಲು, ಯಾವುದೂ ಅವಳ ಕಿವಿಗೆ ಇಳಿದಂತೆ ಕಾಣಲಿಲ್ಲ.

“ನೋಡದೆ ಬರೆದದ್ದಾ ನೀನು?” ಎಂದಳು, ಅಷ್ಟೇ.

ಸಮಿತಿಯ ಎದುರು ಬಾರದ ಅಳು ಸುಪ್ರೀತಾಳಿಗೆ ಆಗ ಬಂತು. ಹಾಸಿಗೆಯಲ್ಲಿ ನಿಜವಾಗಿ ಆಂಬ್ರೋಸ್ ಮಲಗಿದ್ದು, ಅವರ ಬಿಪಿ ಇನ್ನೂರು ದಾಟಿದ್ದರೂ ತಾನು ಅದೇ ಅಂಕೆ ಬರೆಯುತ್ತಿದ್ದೆ ಎಂಬುದು ಅವಳಿಗೆ ಹೊಳೆಯಿತು.

ಅಪ್ಪ ಚೆನ್ನಪ್ಪ ಬೋಟಿಗೆ ಹೋಗಿದ್ದ. ಹತ್ತು ದಿನ ಕಳೆದು ಅವನು ದಡ ಸೇರುವಾಗ ಅವನೊಬ್ಬನನ್ನು ಬಿಟ್ಟು ಬೆಂಗ್ರೆಗೆಲ್ಲ ವಿಷಯ ಗೊತ್ತಿತ್ತು. ಸಲಹೆಗೆ ಬರ ಬರಲಿಲ್ಲ. ಕುವೈತಿನಿಂದ ರಂಜಿತ್ ಮಾಮ ವೀಡಿಯೋ ಕಾಲಿನಲ್ಲಿ ಬಂದು, ಹುಡುಗಿಗೆ ಬ್ಯೂಟಿ ಪಾರ್ಲರ್ ಹಾಕಿಕೊಡಿ, ಅಲ್ಲಿ ಯಾರೂ ಸಾಯುವುದಿಲ್ಲ ಎಂದ. ನೆರೆಯವರು ಒಬ್ಬೊಬ್ಬರಾಗಿ ಸಮಾಧಾನ ಹೇಳಲು ಬಂದು, ಚಾ ಕುಡಿದು, ಹೇಗೂ ಬಂದದ್ದಾಯಿತಲ್ಲ ಎಂದು ಪಕ್ಕದ ಮನೆಯ ಯಂತ್ರ ತರಿಸಿ ಅವಳ ಕೈಯಲ್ಲಿ ಬಿಪಿ ನೋಡಿಸಿಕೊಂಡು ಹೋದರು. ಸುಪ್ರೀತಾಳಿಗೆ ಬೇಕಾದದ್ದು ಒಂದೇ: ನರ್ಸಿಂಗ್ ಮುಗಿಸಬೇಕು. ಬೇರೆ ಕೆಲಸ ಅವಳ ಕಣ್ಣಿಗೇ ಬೀಳಲಿಲ್ಲ.

ನಗರದ ಮೂರು ಕಾಲೇಜುಗಳು ‘ವಜಾ’ ಎಂಬ ಪದ ಕೇಳಿದೊಡನೆ ಸೀಟು ಭರ್ತಿ ಎಂದವು; ಗೇಟಿನಲ್ಲಿ ‘ಪ್ರವೇಶ ಆರಂಭ’ ಎಂಬ ಬ್ಯಾನರ್ ಹಾರುತ್ತಲೇ ಇತ್ತು. ನಾಲ್ಕನೆಯದು ಸಣ್ಣ ಕಾಲೇಜು. ಅಲ್ಲಿಯವರು ನೇರವಾಗಿ ಹೇಳಿದರು: ಹಳೆಯ ಕಾಲೇಜಿನ ಒಪ್ಪಿಗೆ ಪತ್ರ ತಂದರೆ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಮೊದಲನೇ ವರ್ಷದಿಂದ. ಎರಡು ವರ್ಷದ ಓದು ಉಳಿಯುವುದೂ ಮುಳುಗುವುದೂ ಆ ಒಂದು ಕಾಗದದ ಮೇಲೆ ನಿಂತಿತು.

ಹಳೆಯ ಕಾಲೇಜಿನ ಪ್ರಿನ್ಸಿಪಾಲರು ಕರುಣಾಮಯಿ. ಮೂರು ದಿನ ಮಾತ್ರ ಕಾಯಿಸಿ, ಕ್ಷಮಾಪಣೆ ಬರೆದುಕೊಟ್ಟರೆ ಒಪ್ಪಿಗೆ ಪತ್ರ ಕೊಡೋಣ ಎಂದರು. ಆಫೀಸಿನ ಗುಮಾಸ್ತ ಕಮಲೇಶ್ ಬೀರುವಿನಿಂದ ಹಳೆಯ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟ. ಹಿಂದೆ ಯಾರೋ ಬರೆದುಕೊಟ್ಟ ಕ್ಷಮಾಪಣೆ ಅದು. ತಪ್ಪು ಸಂಪೂರ್ಣ ನನ್ನದು, ನನಗೆ ಯಾರೂ ಹೀಗೆ ಮಾಡಲು ಹೇಳಿಲ್ಲ, ಸಂಸ್ಥೆಯ ಮೇಲೆ ನನಗೆ ಅಪಾರ ಗೌರವವಿದೆ ಎಂದು ಅದರಲ್ಲಿತ್ತು.

“ಇದನ್ನು ನೋಡಿ ಹೀಗೇ ಬರೀರಿ, ಹೆಸರು ಮಾತ್ರ ಚೇಂಜ್ ಮಾಡಿ,” ಎಂದ ಕಮಲೇಶ್.

ಸುಪ್ರೀತಾ ಪೆನ್ನು ಹಿಡಿದವಳು ತಲೆ ಎತ್ತಿದಳು. “ಸರ್, ನನ್ನನ್ನು ಇಲ್ಲಿಂದ ತೆಗೆದದ್ದು ಇದಕ್ಕೇ ಅಲ್ವಾ?”

ಕಮಲೇಶನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹತ್ತು ವರ್ಷದಿಂದ ಅವನು ಅದೇ ಕಾಗದ ಕೊಡುತ್ತಿದ್ದ, ಎಲ್ಲರೂ ಬರೆಯುತ್ತಿದ್ದರು.

ಅವಳು ಬೇರೆ ಹಾಳೆ ತೆಗೆದು ತನ್ನದೇ ಮಾತಿನಲ್ಲಿ ಬರೆದಳು. ರೋಗಿಯನ್ನು ನೋಡದೆ ಬಿಪಿ ಬರೆದದ್ದು ತಪ್ಪು, ಅದು ನನ್ನ ತಪ್ಪು. ಆ ವಾರ್ಡಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ನಾನು ಆಗುವುದಿಲ್ಲ ಎನ್ನಲಿಲ್ಲ. ಪ್ರಿನ್ಸಿಪಾಲರು ಓದಿದರು. ಮೊದಲ ವಾಕ್ಯ ಬಹಳ ಹಿಡಿಸಿತು. ಎರಡನೆಯದರ ಕೆಳಗೆ ಕೆಂಪು ಗೆರೆ ಎಳೆದು, ಇದೊಂದು ತೆಗೆದರೆ ಒಪ್ಪಿಗೆ ಪತ್ರ ಈಗಲೇ ರೆಡಿ ಎಂದರು.

ಸುಪ್ರೀತಾಳಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳು. ಒಂದು ಸಾಲು ತೆಗೆದರೆ ಎರಡು ವರ್ಷ ಉಳಿಯುತ್ತದೆ, ಊರವರ ಬಾಯಿ ಮುಚ್ಚುತ್ತದೆ. ಆ ಸಾಲನ್ನೇ ನೋಡುತ್ತಾ ಕೂತಳು. ಅದರಲ್ಲಿ ತೆಗೆಯುವಂಥದ್ದು ಏನೂ ಕಾಣಲಿಲ್ಲ.

“ಒಪ್ಪಿಗೆ ಪತ್ರ ಬೇಡ ಮೇಡಂ. ಟಿಸಿ ಕೊಡಿ, ಸಾಕು. ಫಸ್ಟ್ ಇಯರಿಂದಲೇ ಕಲಿತೇನೆ.”

ಪ್ರಿನ್ಸಿಪಾಲರು ಟಿಸಿಗೆ ಸಹಿ ಹಾಕಿದರು. ಇಂದಿನ ಮಕ್ಕಳಿಗೆ ಅಹಂಕಾರ ಎಂದು ಸಹಿಯ ಜೊತೆಗೇ ಹೇಳಿದರು.

ಸಣ್ಣ ಕಾಲೇಜಿನಲ್ಲಿ ಮೊದಲನೇ ವರ್ಷದ ಕ್ಲಾಸು ಶುರುವಾದ ದಿನ, ಬಸ್ಸು ತಪ್ಪಿ ಸುಪ್ರೀತಾ ಹತ್ತು ನಿಮಿಷ ತಡವಾಗಿ ಬಂದಳು. ಟೀಚರ್ ಇನ್ನೂ ಬಂದಿರಲಿಲ್ಲ. ಒಳಗೆ ಕೂತಿದ್ದವರಿಗೆ ಹದಿನೆಂಟು ತುಂಬಿದ್ದರೆ ಹೆಚ್ಚು. ಇಪ್ಪತ್ತೊಂದರ ಹೆಂಗಸು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಲವತ್ತು ಹುಡುಗಿಯರು ಬೆಂಚು ಸದ್ದು ಮಾಡುತ್ತಾ ಎದ್ದು ನಿಂತು, ಗುಡ್ ಮಾರ್ನಿಂಗ್ ಮೇಡಂ ಎಂದು ಒಂದೇ ರಾಗದಲ್ಲಿ ಹಾಡಿದರು. ಸುಪ್ರೀತಾಳ ಮುಖ ಕಿವಿಯವರೆಗೆ ಬಿಸಿಯಾಯಿತು. ತಿರುಗಿ ಓಡಿಹೋಗಬೇಕೆನಿಸಿತು.

“ಕೂತ್ಕೊಳ್ಳಿ,” ಎಂದಳು. ಮತ್ತೆ ಎಲ್ಲರ ನಡುವಿನಿಂದ ನಡೆದು ಹೋಗಿ ಹಿಂದಿನ ಬೆಂಚಿನಲ್ಲಿ ತಾನೂ ಕೂತಳು.