ಸ್ಟುಡಿಯೋದವನ ಸೋಯ

ದೂರದ ಪ್ರಯಾಣ ಮನುಷ್ಯನ ಬುದ್ಧಿಯನ್ನು ವಿಶಾಲಗೊಳಿಸುತ್ತದೆ. ಲಾಡ್ಜಿನ ಬಾಡಿಗೆ ವಿಚಾರಿಸುವವರೆಗೆ ನಾನೂ ಹಾಗೆಯೇ ನಂಬಿದ್ದೆ.

ನಿಪ್ಪಾಣಿಯಲ್ಲಿ ನಮಗೊಬ್ಬ ಫೋಟೋ ಸ್ಟುಡಿಯೋದ ಗೆಳೆಯನಿದ್ದ. ಯಾರೊಡನೆ ಮಾತಿಗೆ ನಿಂತರೂ ಎರಡು ಬೆರಳಿನಿಂದ ಅವರ ಗದ್ದವೆತ್ತಿ ಸರಿಮಾಡುವುದು ಅವನ ರೂಢಿ. ಯಾವ ತೊಡಕಿಗೂ ಒಂದೇ ಉತ್ತರ: "ಸೋಯ ಆಗೈತಿ." ಅಂದರೆ ವ್ಯವಸ್ಥೆ ಆಗಿದೆ.

ನಾವು ನಾಲ್ವರು ಅವನ ಹಳೆಯ ಕ್ರೂಸರ್ ಜೀಪಿನಲ್ಲಿ ರಾಮೇಶ್ವರಕ್ಕೆ ಹೊರಡುವುದೆಂದಾಯಿತು. ಡೀಸೆಲ್ ಹಾಕಿಸಿದರೆ ಲಾಡ್ಜಿಗೆ ದುಡ್ಡು ಉಳಿಯುತ್ತಿರಲಿಲ್ಲ.

"ಊಟ, ವಸ್ತಿ ಎಲ್ಲಾ ಸೋಯ ಆಗೈತಿ. ಇಸ್ತ್ರಿ ಅಂಗಿ ಹಾಕ್ಕೊಂಡ್ ಬರ್ರಿ, ಸಾಕು" ಎಂದ.

ದಕ್ಷಿಣಕ್ಕೆ ಹೋಗಬೇಕಾದ ಗಾಡಿ ಪೂರ್ವಕ್ಕೆ ತಿರುಗಿ, ಸಂಜೆಗೆ ಕೊಕಟನೂರಿನ ಒಂದು ಮನೆಯ ಮುಂದೆ ನಿಂತಿತು. ಒಳಗೆ ಜಮಖಾನೆ ಹಾಸಿತ್ತು. ಟೋಪಿ ಹಾಕಿದ ಹಿರಿಯರು ಸಾಲಾಗಿ ಕುಳಿತಿದ್ದರು. ಅವಲಕ್ಕಿ ಬಂತು. ಹಿಂದೆಯೇ ಸೀರೆ ಉಟ್ಟ ಹುಡುಗಿಯೊಬ್ಬಳು ಚಹಾ ತಂದಳು. ಎಲ್ಲರೂ ನನ್ನನ್ನೇ ನೋಡಿದರು. ನನ್ನ ಚಮಚ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಏನಲೇ ಇದು?" ಎಂದು ಅವನ ಕಿವಿಯಲ್ಲಿ ಕೇಳಿದೆ.

"ನಿನಗ ಕನ್ಯಾ ನೋಡಾಕತ್ತೀವಿ. ಬ್ಯಾಂಕಿಗಂತ ತಗಿಸಿದ್ದಿಯಲ್ಲ, ಆ ಫೋಟೋ ಕಳಿಸಿದ್ನಿ. ಮೈಸೂರ ತನಕ ಇಂಥಾವು ಆರು ಮನಿ ಅದಾವ, ಊಟ ವಸ್ತಿ ಅಲ್ಲೇ. ಮುಂದ ಗಾಡ್ಯಾಗ ಮಲಗೂನು."

ಹೀಗೆಂದು, ಎಲ್ಲರೆದುರೇ ನನ್ನ ಗದ್ದವೆತ್ತಿದ.

ಹುಡುಗಿಗೆ ಕೇಳಿಸಿತ್ತು. "ಲಗೂನ ಕುಡೀರಿ," ಎಂದಳು, "ಇನ್ನೂ ಐದು ಮನಿ ಚಹಾ ಆರಾಕತ್ತಿರಬೇಕು."

"ಬ್ಯಾರೆ ಯಾರ ಮನಿಗೂ ನಾ ಹೋಗೂದಿಲ್ರಿ!" ಎಂದು ಕೂಗಿಬಿಟ್ಟೆ.

ಹಿರಿಯರು ಅದನ್ನು ಒಪ್ಪಿಗೆಯೆಂದು ತಿಳಿದು, ಬಾಯಿ ಸಿಹಿ ಮಾಡಲು ಸಕ್ಕರೆ ತರಿಸಿದರು. ಹುಡುಗಿ ಬೇಡವೆನ್ನಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು.