ಸೋಸುವ ಬಟ್ಟೆ ಮತ್ತು ಮೀನಿನ ಮರಿ

ನಮ್ಮತ್ತೆ ಬಾವಿ ನೀರನ್ನು ಸೋಸದೆ ಯಾರಿಗೂ ಕುಡಿಯಲು ಕೊಟ್ಟವರಲ್ಲ. ಬಿಂದಿಗೆಯ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ ನೀರು ಹುಯ್ಯುವರು. ಆಮೇಲೆ ಬಟ್ಟೆಯನ್ನು ಹುಷಾರಾಗಿ ಬಿಚ್ಚಿ, ಮಗುಚಿ, ಚೊಂಬಿನ ನೀರಲ್ಲಿ ಜಾಲಿಸಿ, ಆ ನೀರನ್ನು ಹಗ್ಗದಲ್ಲಿ ಇಳಿಸಿ ಬಾವಿಗೇ ವಾಪಸು ಬಿಡುವರು. ಬಟ್ಟೆಗೆ ಸಿಕ್ಕಿದ ಹುಳುಗಳು ಸಾಯಬಾರದು, ಅಷ್ಟೇ. ಅವು ಬಾವಿ ಸೇರುವ ತನಕ ಅತ್ತೆ ತಾವೂ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಸೊಸೆಯಾಗಿ ಬಂದ ನನಗೆ ಇದೆಲ್ಲ ತಮಾಷೆ. ನಮ್ಮ ತವರಲ್ಲಿ ಬಾವಿಯಲ್ಲಿ ನೀರು ಕಂಡರೇ ಹಬ್ಬ. ಇವರು ಹುಳುಗಳಿಗೂ ಬಸ್ ಚಾರ್ಜು ಕೊಟ್ಟು ಊರಿಗೆ ಕಳಿಸುತ್ತಾರೆ ಎಂದು ಮನಸ್ಸಲ್ಲೇ ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ಹುಣಸೇಹಣ್ಣಿನ ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋಗಿದ್ದ ನಮ್ಮ ಯಜಮಾನರು, ರೈಲಿನಲ್ಲಿ ಎರಡು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಒಂದರಲ್ಲಿ ಜಾಡಿಯಲ್ಲಿ ಸಾಕುವ ಗಂಡು ಫೈಟರ್ ಮೀನು, ಇನ್ನೊಂದರಲ್ಲಿ ಹೆಣ್ಣು. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಎರಡನ್ನೂ ಬಿಟ್ಟೆವು. ಗಂಡು ಮೀನು ಬಾಯಿಂದ ಗುಳ್ಳೆ ಬಿಟ್ಟು ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟಿತು. ಮೊಟ್ಟೆ ಅದರಲ್ಲಿ. ಕಚ್ಚಾಡದಿರಲೆಂದು ಹೆಣ್ಣನ್ನು ಬೇರೆ ಮಾಡಿದ ಮೇಲೆ ಕಾವಲೆಲ್ಲ ಅಪ್ಪನದೇ. ಮೊಟ್ಟೆಯೊಡೆದು ಮರಿಗಳು ಬಂದಾಗ, ನೊರೆಯಿಂದ ಜಾರಿ ಬಿದ್ದ ಒಂದೊಂದನ್ನೂ ಬಾಯಲ್ಲಿ ಹಿಡಿದು ತಂದು ಮತ್ತೆ ಗೂಡಿಗೆ ಉಗುಳುತ್ತಿತ್ತು. ಗಂಡಸರು ಇಷ್ಟೆಲ್ಲ ಮಾಡುತ್ತಾರಾ ಎಂದು ನಾನು ಯಜಮಾನರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಮರಿಗಳು ಈಜತೊಡಗಿದ ಮೇಲೆ, ತಿಂದುಬಿಟ್ಟೀತೆಂದು ಅಪ್ಪನನ್ನೂ ಬೇರೆ ಮಾಡಿದೆವು. ಈಗ ಊಟ ಹಾಕಬೇಕಲ್ಲ? ಯಜಮಾನರು ನನ್ನ ತವರಿನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿದರು.

"ಎಮ್ಮೆ ಇದನ್ನೇ ತಿಂದು ಬಿಂದಿಗೆಗಟ್ಲೆ ಹಾಲು ಕೊಡಲ್ವಾ? ಇವು ಎಷ್ಟರವು!"

ಮಾರನೇ ದಿನ ಜಾಡಿಯ ನೀರು ಕಲಗಚ್ಚಿನಂತಾಗಿತ್ತು. ಅರ್ಧಕ್ಕರ್ಧ ಮರಿಗಳು ಸತ್ತಿದ್ದವು. ಉಳಿದವನ್ನು ಒಳ್ಳೆ ನೀರಿಗೆ ಬಿಟ್ಟೆವು. ಆಗ ಯಜಮಾನರಿಗೆ ಮೀನು ಮಾರಿದ ಅಂಗಡಿಯವನು ಹೇಳಿದ್ದು ನೆನಪಾಯಿತು: ಇವು ಬಿದ್ದದ್ದನ್ನು ತಿನ್ನುವುದಿಲ್ಲ, ಕಣ್ಣೆದುರು ಓಡಾಡುವುದನ್ನೇ ತಿನ್ನುತ್ತವೆ. ಜೀವ ಇರಬೇಕು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತೆ ಬಟ್ಟೆ ಜಾಲಿಸುತ್ತಿದ್ದರು. ಏನೋ ಹೊಳೆದು, ಆ ನೀರನ್ನು ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಗಿನ ಬಿಸಿಲಿಗೆ ಹಿಡಿದೆ. ದಿನಾ ನೋಡುತ್ತಿದ್ದ ನೀರೇ. ಅದು ಪೂರ್ತಿ ಮಿಸುಕಾಡುತ್ತಿತ್ತು! ರವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನಮ್ಮ ಬಾವಿಯೊಳಗೆ ಇಷ್ಟು ದೊಡ್ಡ ಸಂಸಾರ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಅತ್ತೆ, ಇದ್ರಲ್ಲಿ ಒಂಚೂರು ಮರಿಗಳಿಗೆ ಹಾಕ್ಲಾ?"

ಅತ್ತೆ ಲೋಟ ಕಿತ್ತುಕೊಂಡರು. "ಬುದ್ಧಿ ಐತೇನಮ್ಮಾ ನಿಂಗೆ? ಇವು ಸಾಯ್ಬಾರ್ದು ಅಂತ ನಾನು ಸೋಸಾದು. ನೀನು ಸಾಯ್ಸಾಕೆ ಕೇಳ್ತೀಯಾ?"

"ಹಂಗಾದ್ರೆ ಅವು ಸಾಯ್ಲಿ ಬಿಡಿ. ಬಾವಿ ಹುಳಕ್ಕಿರೋ ಪ್ರಾಣ ಜಾಡಿ ಮರಿಗಿಲ್ವೇನೋ!"

ಅತ್ತೆ ಬಾವಿ ಕಟ್ಟೆಗೆ ಹೋಗಿ ಎಲ್ಲವನ್ನೂ ಬಿಟ್ಟು ಬಂದರು. ಪೂಜೆ ಮುಗಿಸಿ ಜಾಡಿಯ ಮುಂದೆ ಕೂತರು. ದಾರದ ಎಳೆಯಂಥ ಮರಿಗಳು ಸೊರಗಿ ತೇಲುತ್ತಿದ್ದವು. ಅವರು ನೋಡುತ್ತಿದ್ದಂತೆಯೇ ಒಂದು ಮೆಲ್ಲಗೆ ತಳಕ್ಕೆ ಇಳಿಯಿತು, ಮೇಲೆ ಬರಲಿಲ್ಲ. "ಪಾಪಂ" ಎಂದರು, ತೆಲುಗಿನಲ್ಲಿ.

ಮರುದಿನ ಬೆಳಿಗ್ಗೆ ಬಟ್ಟೆ ಜಾಲಿಸಿದ ನೀರಿನಲ್ಲಿ ಅರ್ಧ ಬಾವಿಗೆ ಹೋಯಿತು. ಇನ್ನರ್ಧವನ್ನು ಅತ್ತೆಯೇ ಲೋಟದಲ್ಲಿ, ಜಾಡಿಯ ಪಕ್ಕ ಇಟ್ಟಿದ್ದರು. ದೊಡ್ಡ ಹುಳುಗಳು ಬೀಳದಂತೆ ಟೀ ಜರಡಿ ಹಿಡಿದು, ಒಂದು ಚಮಚ ಬಿಟ್ಟೆ.

ಅತ್ತೆ ಪಂಚಾಂಗ ಓದುವ ಭೂತಗನ್ನಡಿ ತಂದು ಹಿಡಿದರು. ಒಂದು ಮರಿ ಇದ್ದಲ್ಲೇ ನಿಂತಿತು. ಎದುರಿನ ಚುಕ್ಕೆಯನ್ನೇ ನೋಡುತ್ತಾ ಮೈ ಬಗ್ಗಿಸಿತು. ಚಟಕ್ಕನೆ ಮುಂದಕ್ಕೆ ನೆಗೆಯಿತು. ಚುಕ್ಕೆ ಇಲ್ಲ. ಗಾಜಿನಂಥ ಅದರ ಹೊಟ್ಟೆಯೊಳಗೆ ಈಗ ಒಂದು ಕಪ್ಪು ಗುರುತು. ಈಗಿನ್ನೂ ಈಜಲು ಕಲಿತ ಕೂಸಿಗೆ ಹೊಂಚು ಹಾಕುವುದನ್ನು ಹೇಳಿಕೊಟ್ಟವರು ಯಾರು?

"ಈಗ ಅಲ್ಲಾಡ್ತಿತ್ತಲ್ಲಮ್ಮಾ ಅದು," ಎಂದರು ಅತ್ತೆ. "ಅದೇ ಇದಾಗೋಯ್ತು ನೋಡು." ಭೂತಗನ್ನಡಿಯನ್ನು ಮಡಿಲಲ್ಲಿಟ್ಟು ಕೈ ಮುಗಿದರು. ಜಾಡಿಗೋ, ಲೋಟಕ್ಕೋ, ನಾನು ಕೇಳಲಿಲ್ಲ. ಅವರನ್ನು ನೋಡಿ ಮನಸ್ಸಲ್ಲೇ ನಗುತ್ತಿದ್ದ ನಾನೂ ಕೈ ಮುಗಿದೆ.

ಅಂದಿನಿಂದ ಅವರ ನೇಮಕ್ಕೆ ಇನ್ನೊಂದು ಸೇರಿತು. ಪೂಜೆ ಮುಗಿಸಿ, ಕುಡಿಯುವ ನೀರಿನ ಲೋಟವನ್ನು ಮುಟ್ಟದೆ ಮುಂದಿಟ್ಟುಕೊಂಡು, ಒಳಗಿನಿಂದಲೇ ಕೂಗುವರು: "ಅವು ಉಂಡ್ವೇನಮ್ಮಾ?"

ಒಂದು ದಿನ ಮೋಡ ಕವಿದಿತ್ತು. ಎಷ್ಟು ಬಗ್ಗಿ ನೋಡಿದರೂ ಮರಿಗಳ ಹೊಟ್ಟೆ ಕಾಣಲಿಲ್ಲ.

"ಏನೂ ಕಾಣಾಕಿಲ್ಲ ಅತ್ತೆ. ಉಂಡಿರ್ತವೆ, ನೀವು ಕುಡೀರಿ."

"ಇನ್ನೊಂದ್ಕಿತ ನೋಡಮ್ಮಾ."

ಜಾಡಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ಆಕಾಶಕ್ಕೆ ಎದುರಾಗಿ ಹಿಡಿದೆ. ಮರಿಗಳು ಅಲ್ಲಲ್ಲೇ ನಿಂತು ಮೈ ಬಗ್ಗಿಸುತ್ತಿದ್ದವು. ಒಂದರ ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡಿತು, ಆಮೇಲೆ ಇನ್ನೊಂದರಲ್ಲಿ.

"ಉಂಡ್ವು ಅತ್ತೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ಒಳಗೆ ಅತ್ತೆ ಲೋಟ ಎತ್ತಿ ನೀರು ಕುಡಿದರು.